ಸಮತೆಯೂ ನ್ಯಾಯವೂ

ಎಲ್ಲರನ್ನೂ ಒಂದೇ ಕೋಲಿನಿಂದ ಅಳೆಯುವುದೇ ನ್ಯಾಯವೆಂದು ಲೋಕವು ಸಾಮಾನ್ಯವಾಗಿ ಭಾವಿಸುತ್ತದೆ. ಅಳತೆಗೆ ಒಳಪಡುವ ವಸ್ತುಗಳ ಆಕಾರವೇ ಬೇರೆಬೇರೆಯಾಗಿರುವಲ್ಲಿ ಈ ಭಾವನೆಯು ನಿಲ್ಲಬಲ್ಲುದೆ? ಕಡಲ ತಳದ ಎಲ್ಲೆಗಳನ್ನು ಕುರಿತ ವ್ಯಾಜ್ಯವೊಂದರಲ್ಲಿ ಈ ಪ್ರಶ್ನೆಯು ಸ್ಪಷ್ಟವಾಗಿ ಎದ್ದು ನಿಂತಿತು.

ಭೂಮಿಯು ದಡದಲ್ಲಿಯೇ ಮುಗಿಯುವುದಿಲ್ಲ. ನೀರಿನಡಿಯಲ್ಲಿ ಮೆಲ್ಲನೆ ಇಳಿಯುತ್ತ ಬಹುದೂರ ಸಾಗಿ, ಆಮೇಲೆ ಅಗಾಧವಾದ ಆಳಕ್ಕೆ ಜಾರುತ್ತದೆ. ಮೆಲ್ಲನೆ ಇಳಿಯುವ ಈ ಭಾಗವೇ ಖಂಡಾವರಣ. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ನರು ಅದರ ಸಂಪತ್ತಿನ ಮೇಲೆ ತಮ್ಮ ದೇಶದ ಹಕ್ಕನ್ನು ಸಾರಿದರು. ನೆರೆಯವರೊಳಗೆ ಒಡಂಬಡಿಕೆಯೂ ವಿಶೇಷ ಸಂದರ್ಭವೂ ಇಲ್ಲದಲ್ಲಿ ಸಮದೂರದ ರೇಖೆಯೇ ಎಲ್ಲೆಯೆಂದು 1958ರ ಜಿನೀವಾ ಒಪ್ಪಂದವು ವಿಧಿಸಿತು.

ಉತ್ತರ ಸಮುದ್ರದಲ್ಲಿ ಡೆನ್ಮಾರ್ಕ್ ಮತ್ತು ನೆದರ್‌ಲ್ಯಾಂಡ್ಸ್ ದೇಶಗಳ ನಡುವಣ ಜರ್ಮನಿಯ ಕರಾವಳಿಯು ಒಳಕ್ಕೆ ಬಾಗಿದೆ. ಇಕ್ಕೆಲಗಳಿಂದಲೂ ಸಮದೂರದ ರೇಖೆಯನ್ನೆಳೆದರೆ ಅವೆರಡೂ ಜರ್ಮನಿಯ ಮುಂದೆಯೇ ಕೂಡಿಕೊಂಡು ಅದನ್ನು ನಡುಗಡಲಿನಿಂದ ತಡೆಯುತ್ತವೆ. ಮೂರು ದೇಶಗಳ ಕರಾವಳಿಗಳೂ ಉದ್ದದಲ್ಲಿ ಹೆಚ್ಚುಕಡಿಮೆ ಸಮಾನವೇ. ರೇಖೆಯಲ್ಲಿ ಪಕ್ಷಪಾತವಿಲ್ಲ; ಅದರ ಫಲದಲ್ಲಿ ಅನ್ಯಾಯವಿದೆ.

ಪಶ್ಚಿಮ ಜರ್ಮನಿಯು ಆ ಒಪ್ಪಂದವನ್ನು ಸ್ಥಿರೀಕರಿಸಿರಲಿಲ್ಲ. ಆದುದರಿಂದ ಸಮದೂರದ ನಿಯಮವು ಅದನ್ನು ಬಂಧಿಸದೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 1969ರ ಫೆಬ್ರವರಿ 20ರಂದು, ಆರು ಮಂದಿಯ ಭಿನ್ನಮತಕ್ಕೆ ಎದುರಾಗಿ ಹನ್ನೊಂದು ಮಂದಿಯ ಬಹುಮತದಿಂದ ತೀರ್ಪಿತ್ತಿತು. ಆದರೆ ತನಗೆ ನ್ಯಾಯವಾದ ಪಾಲು ಬರಬೇಕೆಂಬ ಜರ್ಮನಿಯ ವಾದವನ್ನೂ ಅದು ಒಪ್ಪಲಿಲ್ಲ. ಖಂಡಾವರಣವು ಅವಿಭಕ್ತ ಕುಟುಂಬದ ಆಸ್ತಿಯಂತೆ ಹಂಚತಕ್ಕ ವಸ್ತುವಲ್ಲ. ಆಯಾ ದೇಶದ ನೆಲದ ಸಹಜವಾದ ಮುಂದುವರಿಕೆ. ಪ್ರಕೃತಿಯನ್ನು ತಿದ್ದುವುದು ನ್ಯಾಯಾಧೀಶನ ಕೆಲಸವಲ್ಲ. ಕರಾವಳಿಯ ಬಾಗಿನಂತಹ ಆಕಸ್ಮಿಕವೊಂದು ವಿಪರೀತ ಫಲವನ್ನು ತಾರದಂತೆ ನೋಡುವುದು ಮಾತ್ರ ಅವನ ಕೆಲಸ. ಈ ತತ್ತ್ವವನ್ನು ಆಧರಿಸಿ ಮೂರು ದೇಶಗಳೂ 1971ರಲ್ಲಿ ಹೊಸ ಎಲ್ಲೆಗಳಿಗೆ ಒಡಂಬಟ್ಟವು. ಜರ್ಮನಿಗೆ ನಡುಗಡಲಿನ ದಾರಿ ದೊರೆಯಿತು.

ಇಷ್ಟಕ್ಕೇ ಪ್ರಶ್ನೆಯು ತೀರಿತೆ? ಬಾಗಿದ ಕರಾವಳಿಯು ಆಕಸ್ಮಿಕವಾದರೆ, ಕರಾವಳಿಯೇ ಇಲ್ಲದಿರುವುದೂ ಆಕಸ್ಮಿಕವಲ್ಲವೆ? ನೇಪಾಳದ ರೈತನು ಯಾವ ಅಪರಾಧಕ್ಕಾಗಿ ಕಡಲಿನ ಸಂಪತ್ತಿಗೆ ಹೊರಗಾದನು? ಪ್ರಕೃತಿಯ ಕೊಡುಗೆಯು ಹಕ್ಕಿಗೆ ಮೂಲವಾಗಬಹುದು, ಯೋಗ್ಯತೆಗೆ ಪ್ರಮಾಣವಾಗಲಾರದು. 1982ರ ಕಡಲ ಕಾನೂನಿನ ಒಪ್ಪಂದವು ಈ ಮಾತನ್ನು ಅಲ್ಪಾಂಶದಲ್ಲಿಯಾದರೂ ಮನ್ನಿಸಿತು. 200 ನಾಟಿಕಲ್ ಮೈಲಿಗಳಾಚೆಯ ಖಂಡಾವರಣದಿಂದ ಖನಿಜವನ್ನು ತೆಗೆಯುವ ದೇಶವು ಸಾಮಾನ್ಯವಾಗಿ 6ನೆಯ ವರ್ಷದಲ್ಲಿ ಉತ್ಪನ್ನದ ಶೇಕಡಾ 1ರಷ್ಟನ್ನು ಸಲ್ಲಿಸಬೇಕು. ಅದು ಏರುತ್ತ 12ನೆಯ ವರ್ಷಕ್ಕೆ 7 ಆಗಬೇಕು. ಹಂಚುವಾಗ ಬಡ ದೇಶಗಳನ್ನೂ ಕಡಲಿಲ್ಲದ ದೇಶಗಳನ್ನೂ ವಿಶೇಷವಾಗಿ ನೆನೆಯಬೇಕು.

ಪಾಲು ಚಿಕ್ಕದು, ಅದರೊಳಗಣ ಅರಿವು ಚಿಕ್ಕದಲ್ಲ. ನಿಯಮವನ್ನು ಸಮನಾಗಿ ನಡೆಸಿದ ಮಾತ್ರಕ್ಕೆ ಕರ್ತವ್ಯವು ಮುಗಿಯದು. ಅದು ಯಾರನ್ನು ಬರಿಗೈಯಲ್ಲಿ ನಿಲ್ಲಿಸಿತೆಂದು ವಿಚಾರಿಸಿದ ಮೇಲೆಯೇ ಅದಕ್ಕೆ ನ್ಯಾಯವೆಂಬ ಹೆಸರು ಸಲ್ಲುತ್ತದೆ.