ಕೇಳದೆ ಮಾಡಿದ ಉಪಕಾರ



ಜೆರಿಕೋ ಪಟ್ಟಣದ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯನ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಅವನ ಕೂಗು ಕೇಳಿದ ಯೇಸುಸ್ವಾಮಿ ಅವನನ್ನು ಹತ್ತಿರಕ್ಕೆ ಕರೆಸುತ್ತಾರೆ; ತನ್ನಿಂದ ಅವನಿಗೆ ಏನಾಗಬೇಕು ಎಂದು ವಿಚಾರಿಸುತ್ತಾರೆ. ಸ್ವಲ್ಪ ಯೋಚಿಸಿ ನೋಡಿ. ಕುರುಡನಿಗೆ ಏನು ಬೇಕೆಂಬುದು ಸುತ್ತ ನಿಂತ ಜನರಿಗೆಲ್ಲ ಗೊತ್ತಿತ್ತು. ಪ್ರಭುವಿಗೆ ಗೊತ್ತಿಲ್ಲದೆ ಇದ್ದೀತೇ? ಆದರೂ ಕೇಳಿದರು. ಕಣ್ಣು ಕೊಡುವ ಮೊದಲು ಅವನ ಮಾತಿಗೆ ಬೆಲೆ ಕೊಟ್ಟರು.

ಹಾಗಾದರೆ ಆ ಪ್ರಶ್ನೆಯನ್ನು ಕೇಳದೆ ನಾವು ಮಾಡುವ ಉಪಕಾರಕ್ಕೆ ಏನೆನ್ನಬೇಕು? ಈ ವಾರ ನಮ್ಮ ನೆರೆಯಲ್ಲೇ ಇರುವ ಕೊರಗ ಕುಟುಂಬಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ಹಿರಿಯಡ್ಕದ ಆಸುಪಾಸಿನ ಒಂದು ಕೊರಗ ಕಾಲೊನಿಯಲ್ಲಿ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದು ಮಾರುವವಳು. ರಾತ್ರಿ ಗಂಡ ಅವಳಿಗೆ ಹೊಡೆದಿದ್ದಾನೆ. ಇದು ಮೊದಲ ಸಲವೇನೂ ಅಲ್ಲ. ಬೆಳಗಾದ ಮೇಲೆ ಅವಳು ಯಾರ ಬಾಗಿಲಿಗೆ ಹೋಗಬೇಕು?

ಕಾನೂನಿಗೇನೂ ಕೊರತೆಯಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆಯುವವನನ್ನು ತಡೆಯುವ ಆಜ್ಞೆ, ಮನೆಯಲ್ಲೇ ಉಳಿಯುವ ಹಕ್ಕು, ಖರ್ಚಿಗೆ ಹಣ, ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ಅನುಮತಿ - ಇವೆಲ್ಲವನ್ನೂ ನ್ಯಾಯಾಲಯದಿಂದ ಕೇಳುವ ಹಕ್ಕು ಅವಳಿಗಿದೆ. ಮಹಿಳೆ ಎಂಬ ಕಾರಣಕ್ಕೂ ಪರಿಶಿಷ್ಟ ಪಂಗಡದವಳು ಎಂಬ ಕಾರಣಕ್ಕೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ವಕೀಲರ ನೆರವು ಉಚಿತ. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರವಿದೆ. 181ಕ್ಕೆ ಫೋನ್ ಮಾಡಬಹುದು. ಕಾಗದದ ಮೇಲೆ ಎಲ್ಲವೂ ಇದೆ.

ಆದರೆ ಅವಳ ಕಣ್ಣಿನಿಂದ ನೋಡಿ. ಪೋಲೀಸ್ ಠಾಣೆಗೆ ಹೋಗಬೇಕೇ? 2021ರ ಡಿಸೆಂಬರ್ 27ರ ರಾತ್ರಿ ನಮ್ಮದೇ ಉಡುಪಿ ಜಿಲ್ಲೆಯ ಕೋಟತಟ್ಟಿನಲ್ಲಿ ಒಂದು ಕೊರಗ ಕುಟುಂಬದ ಮೆಹಂದಿ ಕಾರ್ಯಕ್ರಮಕ್ಕೆ ಪೋಲೀಸರು ನುಗ್ಗಿ ಲಾಠಿ ಬೀಸಿದರು. ಆಮೇಲೆ ಠಾಣಾಧಿಕಾರಿಯನ್ನು ಅಮಾನತು ಮಾಡಿದ್ದೂ ನಿಜ. ಆದರೆ ಮದುವೆ ಮನೆಯ ಸಂಭ್ರಮಕ್ಕೆ ಬಂದ ಲಾಠಿಯನ್ನು ಕಂಡ ಜನ ಮರುದಿನ ಅದೇ ಲಾಠಿಯ ಬಳಿ ರಕ್ಷಣೆ ಕೇಳಲು ಹೋದಾರೇ? ಮೇಲಾಗಿ ಅವಳಿಗೆ ಬೇಕಾದದ್ದು ಪೆಟ್ಟು ನಿಲ್ಲಬೇಕು ಎಂಬುದು. ಗಂಡ ಕಾಜಾರಗುತ್ತಿನ ಕಾರಾಗೃಹ ಸೇರಬೇಕು ಎಂಬುದು ಆಗಿರಲಿಕ್ಕಿಲ್ಲ. ಹಾಗಾದರೆ ಕೆಲಸ ಕೊಡುವ ದೊಡ್ಡ ಮನೆಯವರಿಗೆ ಹೇಳಬೇಕೇ? ಅವರು ಗಂಡನನ್ನು ಕರೆದು ಗದರಿಸಿಯಾರು. ಜೊತೆಗೆ ಇಡೀ ಕಾಲೊನಿಯ ಮರ್ಯಾದೆ ತೆಗೆದಾರು. ಸಾಂತ್ವನ ಕೇಂದ್ರಕ್ಕೆ ಹೋಗೋಣವೆಂದರೆ, ಅಲ್ಲಿ ತನ್ನನ್ನು ಎಲ್ಲಿ ಕೂರಿಸುತ್ತಾರೋ, ಮಕ್ಕಳನ್ನು ಬೇರೆ ಮಾಡಿ ಹಾಸ್ಟೆಲಿಗೆ ಕಳುಹಿಸುತ್ತಾರೋ ಎಂಬ ಅಳುಕು. ಕೊನೆಗೆ ಉಳಿಯುವುದು ಕಾಲೊನಿಯ ಗುರಿಕಾರರ ಮನೆ. ಅವರು ಒಳ್ಳೆಯವರಾದರೆ ಸರಿ. ಹೊಂದಿಕೊಂಡು ಹೋಗು ಎಂದುಬಿಟ್ಟರೆ ಅವಳಿಗೆ ಮುಂದೆ ದಾರಿಯೇ ಇಲ್ಲ.

ಈ ಅಳುಕು ಎಲ್ಲಿಂದ ಬಂತು? ಇದನ್ನು ಅವಳ ದೌರ್ಬಲ್ಯ ಎನ್ನುವವರು ನಮ್ಮ ಊರಿನ ಚರಿತ್ರೆಯನ್ನು ಮರೆತಿದ್ದಾರೆ. ರೋಗಿಗಳ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸಿದರೆ ತಮ್ಮ ಪೀಡೆ ಕಳೆಯುತ್ತದೆ ಎಂದು ನಂಬಿದ ಸಮಾಜ ಇದು. ಈ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ರಲ್ಲಿ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಇನ್ನೊಂದು ವಿಚಿತ್ರ ನೋಡಿ: ತುಳುನಾಡಿನಲ್ಲಿ ಕೊರಗಜ್ಜನಿಗೆ ಕೈಮುಗಿಯದ ಊರಿಲ್ಲ, ಕಳೆದುಹೋದ ವಸ್ತು ಸಿಗಲೆಂದು ಹರಕೆ ಹೇಳುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ದೈವವಾದ ಕೊರಗನಿಗೆ ಅಗೆಲು ಬಡಿಸಿದ ಮನೆಗಳೇ ಮನುಷ್ಯನಾದ ಕೊರಗನನ್ನು ಅಂಗಳದ ಹೊರಗೆ ನಿಲ್ಲಿಸಿದವು. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ ಹದಿನೈದು ಸಾವಿರವನ್ನೂ ಮುಟ್ಟಲಿಲ್ಲ. ಇಷ್ಟು ಚಿಕ್ಕ ಸಮುದಾಯದಲ್ಲಿ ಒಬ್ಬ ತಾಯಿ ಹೊರಗಿನವರ ಬಾಗಿಲು ತಟ್ಟುವುದೆಂದರೆ ತನ್ನ ಜನರೆಲ್ಲರ ಮಾನವನ್ನು ಆ ಹೊಸ್ತಿಲ ಮೇಲೆ ಇಟ್ಟಂತೆ.

ಇಂಥ ಕಡೆ ನೆರವು ನೀಡಲು ಹೊರಟವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದಕ್ಕೆ ಬೀಳುತ್ತಾರೆ. ಒಂದನೆಯದು, "ಅವರಲ್ಲಿ ಅದೆಲ್ಲ ಹಾಗೆಯೇ, ನಾವೇಕೆ ತಲೆಹಾಕಬೇಕು?" ಎಂಬ ಮಾತು. ಇದು ಮೇಲ್ನೋಟಕ್ಕೆ ಗೌರವದಂತೆ ಕಂಡರೂ ಒಳಗಿರುವುದು ಉದಾಸೀನ. ಎರಡನೆಯದು, "ಅವರಿಗೇನು ತಿಳಿಯುತ್ತದೆ, ನಾವೇ ಸರಿಮಾಡೋಣ" ಎಂಬ ಉತ್ಸಾಹ. ಇದು ಪ್ರೀತಿಯಂತೆ ಕಾಣುತ್ತದೆ, ಒಳಗಿರುವುದು ತಿರಸ್ಕಾರ. ಎರಡರಲ್ಲೂ ಆ ತಾಯಿಯನ್ನು ಯಾರೂ ಏನೂ ಕೇಳಲಿಲ್ಲ ಎಂಬುದನ್ನು ಗಮನಿಸಿ.

ಈ ಪ್ರಶ್ನೆ ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದಲ್ಲಿ ಇರಿಹಪೇತಿ ರಾಮ್ಸ್‌ಡೆನ್ ಎಂಬ ದಾದಿ ಇದ್ದರು. ತನ್ನ ಜನ ಕಾಯಿಲೆ ಬಿದ್ದರೂ ಆಸ್ಪತ್ರೆಗೆ ಹೋಗಲು ಏಕೆ ಹಿಂಜರಿಯುತ್ತಾರೆ ಎಂದು ಅವರು ಯೋಚಿಸಿದರು. ಔಷಧಿ ಒಳ್ಳೆಯದಿದ್ದರೆ ಸಾಲದು. ಅದನ್ನು ಕೊಡುವ ಕೈಯ ಮುಂದೆ ರೋಗಿಗೆ ತಾನು ಕೀಳು ಎನ್ನಿಸಬಾರದು ಎಂದರು. ಇದಕ್ಕೆ ಸಾಂಸ್ಕೃತಿಕ ಸುರಕ್ಷತೆ ಎಂಬ ಹೆಸರು ಬಂತು. 1990ರ ದಶಕದ ಆರಂಭದಲ್ಲಿ ಅಲ್ಲಿನ ದಾದಿಯರ ಶಿಕ್ಷಣದಲ್ಲಿ ಇದು ಸೇರಿತು. ಇದರ ತಿರುಳು ಒಂದೇ: ಸೇವೆ ಸುರಕ್ಷಿತವಾಗಿತ್ತೇ ಇಲ್ಲವೇ ಎಂದು ತೀರ್ಮಾನಿಸಬೇಕಾದವರು ಸೇವೆ ಪಡೆದವರು, ಕೊಟ್ಟವರಲ್ಲ.

ಆಸ್ಟ್ರೇಲಿಯದ ಕಥೆ ಇನ್ನೂ ಕಟುವಾದದ್ದು. ಅಲ್ಲಿ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಮೂಲನಿವಾಸಿಗಳ ಮಕ್ಕಳನ್ನು, ಅವರ ಒಳ್ಳೆಯದಕ್ಕಾಗಿಯೇ ಎಂಬ ಹೆಸರಿನಲ್ಲಿ, ತಾಯಂದಿರ ಮಡಿಲಿನಿಂದ ಕಿತ್ತು ಸಂಸ್ಥೆಗಳಿಗೆ ಸೇರಿಸಲಾಯಿತು. ಅವುಗಳಲ್ಲಿ ಚರ್ಚುಗಳು ನಡೆಸಿದ ಸಂಸ್ಥೆಗಳೂ ಇದ್ದವು, ಕಥೋಲಿಕ ಸಂಸ್ಥೆಗಳೂ ಇದ್ದವು. 1997ರಲ್ಲಿ ಈ ಬಗ್ಗೆ ಸವಿಸ್ತಾರ ವರದಿ ಬಂತು; 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅಂಥ ನೆನಪಿರುವ ತಾಯಿ ಗಂಡ ಹೊಡೆದನೆಂದು ಅಧಿಕಾರಿಗಳನ್ನು ಕರೆಯುವುದು ಹೇಗೆ? ಗಂಡನ ಜೊತೆಗೆ ಮಕ್ಕಳನ್ನೂ ಕರೆದೊಯ್ದರೆ ಎಂಬ ಭಯ ಅವಳಿಗೆ. ಆದ್ದರಿಂದಲೇ ಅಲ್ಲಿನ ಮಹಿಳೆಯರು ತಾವೇ ಮುಂದೆ ಬಂದರು. ವಿಕ್ಟೋರಿಯ ರಾಜ್ಯದಲ್ಲಿ 2002ರಲ್ಲಿ ಆರಂಭವಾದ, ಇಂದು ಜಿರ್ರಾ ಎಂದು ಕರೆಯಲಾಗುವ ಸಂಸ್ಥೆಯನ್ನು ಮೊದಲಿನಿಂದ ಕಟ್ಟಿದವರು ಆಂಟನೆಟ್ ಬ್ರೇಬ್ರೂಕ್ ಎಂಬ ಮೂಲನಿವಾಸಿ ಮಹಿಳೆ. ಕಾನೂನಿನ ಸಲಹೆ, ಆಪ್ತ ಮಾತು, ಕೈಕಸುಬಿನ ಕೂಟ ಎಲ್ಲವೂ ಅಲ್ಲಿ ಒಂದೇ ಸೂರಿನಡಿ. ಬಾಗಿಲು ತೆರೆಯುವವಳು ತನ್ನವಳೇ ಎಂದಾಗ ಒಳಗೆ ಕಾಲಿಡುವವಳ ಎದೆಬಡಿತ ಎಷ್ಟೋ ಕಡಿಮೆಯಾಗುತ್ತದೆ.

ಇಲ್ಲಿ ನಿಮ್ಮಲ್ಲಿ ಕೆಲವರು ಒಂದು ಆಕ್ಷೇಪ ಎತ್ತಬಹುದು. "ಫಾದರ್, ಎಲ್ಲವನ್ನೂ ಅವರಿಗೇ ಬಿಟ್ಟರೆ, ಸಂಸ್ಕೃತಿಯ ಹೆಸರಿನಲ್ಲಿ ಪೆಟ್ಟನ್ನೂ ಸಹಿಸು ಎಂದು ಹಿರಿಯರು ಹೇಳುವುದಿಲ್ಲವೇ?" ನ್ಯಾಯವಾದ ಆಕ್ಷೇಪ. ಇದನ್ನು ತಳ್ಳಿಹಾಕಬಾರದು.

ಉತ್ತರ ಹೀಗಿದೆ: ಸಂಸ್ಕೃತಿ ಹೊಡೆಯುವವನ ಸೊತ್ತಲ್ಲ. ಅದು ಹೊಡೆಸಿಕೊಂಡವಳದ್ದೂ ಹೌದು. ಕೊರಗರಲ್ಲಿ ಬಳಿ ಎಂಬ ಕುಲ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ತಾಯಿಯ ಮೂಲಕ ತನ್ನ ಕುಲದ ಗುರುತು ಪಡೆದವನು ಇನ್ನೊಬ್ಬ ತಾಯಿಯ ಮೇಲೆ ಕೈಯೆತ್ತಿ, ಅದು ತಮ್ಮ ಪದ್ಧತಿ ಎಂದು ಹೇಳುವುದು ಹೇಗೆ? ಹಿಂಸೆ ತಮ್ಮ ಸಂಸ್ಕೃತಿಯ ಭಾಗವಲ್ಲ ಎಂದು ಆಸ್ಟ್ರೇಲಿಯದ ಮೂಲನಿವಾಸಿ ಮಹಿಳೆಯರು ಮತ್ತೆ ಮತ್ತೆ ಹೇಳಿದ್ದಾರೆ. ಆದ್ದರಿಂದ ಒಂದು ಸಮುದಾಯದ ಕೈಗೆ ನೇತೃತ್ವ ಕೊಡುವುದೆಂದರೆ ಅಲ್ಲಿನ ಪ್ರಬಲರ ಕೈಗೆ ಮಾತ್ರ ಕೊಡುವುದಲ್ಲ. ಅಲ್ಲಿನ ಮಹಿಳೆಯರ ಕೈಗೂ ಕೊಡುವುದು. ಅವಳು ಸಮುದಾಯದ ಒಳಗಿನ ನೆರವನ್ನು ಬಯಸಿದರೆ ಅದು ಇರಬೇಕು. ಬೇಡ, ನ್ಯಾಯಾಲಯವೇ ಬೇಕು ಎಂದರೆ ಆ ದಾರಿಯೂ ತೆರೆದಿರಬೇಕು. ಜೀವಕ್ಕೆ ಅಪಾಯವಿದೆಯೆಂದು ಕಂಡ ಕ್ಷಣದಲ್ಲಿ ಯಾವ ಸಭೆಗೂ ಕಾಯದೆ ಅವಳನ್ನೂ ಮಕ್ಕಳನ್ನೂ ಸುರಕ್ಷಿತ ಸ್ಥಳಕ್ಕೆ ಮುಟ್ಟಿಸಬೇಕು.

ಸಂತ ತೋಮಸ್ ಅಕ್ವಿನಾಸರ ಪ್ರಕಾರ ಪ್ರೀತಿಸುವುದೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು. ಆದರೆ ಅದು ಇನ್ನೊಬ್ಬರ ಒಳಿತು. ನಮ್ಮ ಮನಸ್ಸಿನಲ್ಲಿ ಮೂಡಿದ ಅವರ ಒಳಿತಿನ ಚಿತ್ರವಲ್ಲ. ಈ ಎರಡರ ನಡುವಿನ ಅಂತರ ತಿಳಿಯಲು ಕೇಳುವುದೊಂದೇ ಉಪಾಯ. ಜಗದ್ಗುರು ಹನ್ನೊಂದನೆಯ ಪಿಯೂಸರು 1931ರ ತಮ್ಮ ವಿಶ್ವಪತ್ರದಲ್ಲಿ ಇದಕ್ಕೆ ಸಾಮಾಜಿಕ ರೂಪ ಕೊಟ್ಟರು. ಸಣ್ಣ ಸಮುದಾಯವೊಂದು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳುವುದು ಅನ್ಯಾಯ. ದೊಡ್ಡದರ ಕರ್ತವ್ಯ ಸಣ್ಣದಕ್ಕೆ ಆಸರೆಯಾಗುವುದು ಎಂಬುದು ಅದರ ಸಾರ. ಜಗದ್ಗುರು ಎರಡನೆಯ ಜಾನ್ ಪಾಲರು 1986ರ ನವೆಂಬರ್‌ನಲ್ಲಿ ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿಗಳನ್ನು ಭೇಟಿಯಾದಾಗ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆ ಜನರ ಕೊಡುಗೆಯನ್ನು ಉಳಿದವರು ಸಂತೋಷದಿಂದ ಸ್ವೀಕರಿಸುವ ತನಕ ಅಲ್ಲಿನ ಧರ್ಮಸಭೆ ಪೂರ್ಣವಾಗದು ಎಂಬರ್ಥದ ಮಾತನ್ನಾಡಿದರು. ಕೊಡುವವರು ಎಂದು ನಾವು ಅಂದುಕೊಂಡಿದ್ದೆವು. ಪಡೆಯಬೇಕಾದವರೂ ನಾವೇ ಎಂದಾಯಿತು.

ಕೊರಗರಿಗೆ ನಾಯಕತ್ವ ಕಲಿಸಿಕೊಡಬೇಕು ಎಂದು ಯಾರಾದರೂ ಭಾವಿಸಿದ್ದರೆ, ಅವರು ಆಗಸ್ಟ್ 18ರಂದು ನಡೆಯುವ ಭೂಮಿ ಹಬ್ಬವನ್ನು ನೋಡಬೇಕು. ಭೂಮಿಯ ಹಕ್ಕಿಗಾಗಿ ತಾವೇ ನಡೆಸಿದ ಹೋರಾಟದ ನೆನಪಿನ ಹಬ್ಬ ಅದು. ಅವರ ಅಭಿವೃದ್ಧಿ ಸಂಘಗಳ ಒಕ್ಕೂಟವನ್ನು ಮಹಿಳೆಯರೂ ಮುನ್ನಡೆಸಿದ್ದಾರೆ. ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದವರು ಆ ಸಮುದಾಯದಲ್ಲಿದ್ದಾರೆ. ಇಂಥವರಲ್ಲಿ ಒಬ್ಬಳು ಸಂರಕ್ಷಣಾಧಿಕಾರಿಯ ಕಚೇರಿಯಲ್ಲಿ ಕುಳಿತಿದ್ದರೆ, ಇನ್ನೊಬ್ಬಳು ಸಖಿ ಕೇಂದ್ರದಲ್ಲಿ ತುಳುವಿನಲ್ಲೋ ತಮ್ಮ ಮನೆಮಾತಿನಲ್ಲೋ "ಬಾ ತಂಗಿ, ಕೂತ್ಕೋ" ಎಂದರೆ, ಕಾಗದದ ಮೇಲಿನ ಕಾಯ್ದೆಗೆ ಜೀವ ಬಂದೀತು.

ಹಾಗಾದರೆ ನಮ್ಮ ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಗೆ, ವಿನ್ಸೆಂಟ್ ಡಿ ಪಾವ್ಲ್ ಸಭೆಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ. ಮಧ್ಯರಾತ್ರಿ ಕರೆ ಬಂದರೆ ಒಂದು ವಾಹನ. ನ್ಯಾಯಾಲಯದ ದಿನ ದಿನಗೂಲಿ ಕಳೆದುಕೊಂಡವಳಿಗೆ ಬಸ್ಸಿನ ಖರ್ಚು. ಕಾನೂನು ತಿಳಿದ ಕೊರಗ ಯುವತಿಯೊಬ್ಬಳು ತಯಾರಾಗಲು ಓದಿನ ಸಹಾಯ. ಅವರ ಸಭೆಗೆ ಬೇಕೆಂದಾಗ ನಮ್ಮ ಹಾಲ್. ಅಲ್ಲಿ ನಾವು ಕುರ್ಚಿ ಜೋಡಿಸೋಣ, ಅಧ್ಯಕ್ಷತೆ ಅವರದ್ದಾಗಲಿ. ಪತ್ರಿಕೆಯಲ್ಲಿ ಫೋಟೋ ಬೇಡ. ಮತಾಂತರದ ಗುಮಾನಿಗೆ ಎಡೆಯಾಗುವಂಥ ಒಂದು ಮಾತೂ ಬೇಡ; ನೆರವಿನ ಹಿಂದೆ ನೆರವಲ್ಲದೆ ಬೇರೇನೂ ಇರಬಾರದು. ತಾನು ಕುಗ್ಗಬೇಕು, ಬರುವಾತ ಬೆಳೆಯಬೇಕು ಎಂದ ಸ್ನಾನಿಕ ಯೊವಾನ್ನರ ಮನಸ್ಸು ಇಂಥ ಸೇವೆಗೆ ಹೊರಟವರಿಗೆ ಬೇಕು.

ಮುಗಿಸುವ ಮೊದಲು ಇನ್ನೊಂದು ಮಾತು. ಇದನ್ನೆಲ್ಲ ಓದಿ "ಪಾಪ, ಆ ಜನ" ಎಂದು ಮರುಗುವವರು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇದು ಯಾವುದೋ ಒಂದು ಕಾಲೊನಿಯ ಲೆಕ್ಕವಲ್ಲ. ಕಾಂಪೌಂಡು ಗೋಡೆಯೊಳಗಿನ ಮನೆಗಳ ಲೆಕ್ಕವೂ ಹೌದು. ಪ್ರತಿ ಸಂಜೆ ತೆರ್ಸ್ ಹೇಳುವ ಮನೆಗಳನ್ನು ಅದರಿಂದ ಹೊರಗಿಟ್ಟವರಾರು? ಅಂಥ ಮನೆಯ ಹೆಣ್ಣುಮಗಳಿಗೆ "ಶಿಲುಬೆ ಎಂದುಕೊಂಡು ಸಹಿಸು" ಎಂದು ಹೇಳುವವರು ನಮ್ಮಲ್ಲೂ ಇದ್ದಾರೆ. ಧರ್ಮಸಭೆ ಹಾಗೆ ಹೇಳುವುದಿಲ್ಲ. ಸಂಗಾತಿಯಿಂದ ದೇಹಕ್ಕೆ ಅಥವಾ ಆತ್ಮಕ್ಕೆ, ಇಲ್ಲವೇ ಮಕ್ಕಳಿಗೆ, ಗಂಭೀರ ಅಪಾಯವಿದ್ದರೆ ಬೇರೆ ಇರಲು ನ್ಯಾಯವಾದ ಕಾರಣವಿದೆ ಎನ್ನುತ್ತದೆ ಧರ್ಮಸಭೆಯ ಕಾನೂನಿನ 1153ನೇ ನಿಯಮ. ಕೆಲವೊಮ್ಮೆ ಬೇರೆಯಾಗುವುದು ನೈತಿಕವಾಗಿ ಅಗತ್ಯವೇ ಆಗಬಹುದು ಎಂದು ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತ ತಮ್ಮ ಪ್ರಬೋಧನೆಯಲ್ಲಿ ಬರೆದರು.

ಕಾಲೊನಿಯ ತಾಯಿಗೆ ಮಾತಿನ ಅವಕಾಶ ಕೊಡದ ಸಮಾಜ ತನ್ನ ಮನೆಯ ಮಗಳಿಗೂ ಅದನ್ನು ಕೊಟ್ಟಿರುವುದಿಲ್ಲ. ಎರಡೂ ಕಡೆ ಬೇಕಾದದ್ದು ಒಂದೇ. ಮುಂದಿನ ಸಲ ನೊಂದವರೊಬ್ಬರು ನಿಮ್ಮ ಮುಂದೆ ಬಂದು ನಿಂತಾಗ ಉಪದೇಶವನ್ನು ಸ್ವಲ್ಪ ತಡೆಹಿಡಿಯಿರಿ, ಕಿಸೆಗೆ ಹೋದ ಕೈಯನ್ನೂ ತಡೆಹಿಡಿಯಿರಿ. ನಿಮಗೆ ಏನಾಗಬೇಕು, ಅಮ್ಮಾ, ಎಂದು ಮೊದಲು ಕೇಳಿ. ಕೇಳಿದ ಮೇಲೆ ಉತ್ತರ ಪೂರ್ತಿಯಾಗುವ ತನಕ ಕಾಯಿರಿ.