ತಾಯಿಧರ್ಮ ಮತ್ತು ಡಬ್ಬಿಯ ಹಾಲು

ಎದೆಹಾಲಿನ ಜೊತೆಗೆ ಪುಡಿಹಾಲನ್ನೂ ಕೂಸಿಗೆ ಕುಡಿಸುವ ಕ್ರಮವು, ಬಾಣಂತನ ಮುಗಿಸಿ ಹತ್ತಿ ಬಿಡಿಸಲೋ ಕಳೆ ತೆಗೆಯಲೋ ಹೊಲಕ್ಕೆ ಮರಳುವ ದೋರನಹಳ್ಳಿ ಕಡೆಯ ಕೂಲಿ ಹೆಂಗಸರಿಗೆ ಅನಿವಾರ್ಯವಾಗಬಹುದು. ಹಾಗೆ ಕುಡಿಸಿದವಳು ತಾಯಿಧರ್ಮದಲ್ಲಿ ಕೊರತೆ ಮಾಡಿದಳೇ ಎಂದು ಕೇಳುವ ಮೊದಲು, ಆ ಧರ್ಮ ಹಾಲೆಂಬ ದ್ರವ್ಯದಲ್ಲಿದೆಯೋ, ಹಸಿದ ಕೂಸನ್ನು ಉಳಿಸಿ ಬೆಳೆಸುವ ಹೊಣೆಯಲ್ಲಿದೆಯೋ ಎಂಬುದನ್ನು ಬಿಡಿಸಿಕೊಳ್ಳಬೇಕಾಗುತ್ತದೆ.

ಪರಂಪರೆ ಈ ವಿಷಯದಲ್ಲಿ ಇಂದಿನ ಟೀಕಾಕಾರರಿಗಿಂತ ಉದಾರವಾಗಿದೆ. ದೇವಕಿ ಹೆತ್ತ ಕೃಷ್ಣನಿಗೆ ಯಶೋದೆ ಹಾಲೂಡಿಸಿದಳು. ಕೃತ್ತಿಕೆಯರು ಸಾಕಿದ ಸ್ಕಂದನಿಗೆ ಷಾಣ್ಮಾತುರ, ಅಂದರೆ ಆರು ತಾಯಂದಿರ ಮಗ, ಎಂಬ ಹೆಸರೇ ಬಂದಿತು. ಎದೆಹಾಲಿಲ್ಲದಾಗ ಆಡಿನ ಇಲ್ಲವೆ ಹಸುವಿನ ಹಾಲು ಕೊಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ (ವರ್ಷ ತುಂಬದ ಕೂಸಿಗೆ ಬರೀ ಹಸುವಿನ ಹಾಲನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ, ಆ ಮಾತು ಬೇರೆ). ಕುರ್‌ಆನಿನ ಎರಡನೆಯ ಅಧ್ಯಾಯವು ಹಾಲೂಡಿಸುವ ಪೂರ್ಣ ಅವಧಿಯನ್ನು 2 ವರ್ಷವೆಂದು ಹೇಳಿಯೂ, ತಂದೆತಾಯಿ ಸಮಾಲೋಚಿಸಿ ಮೊದಲೇ ಹಾಲು ಬಿಡಿಸಿದರೆ ಅಥವಾ ಬೇರೊಬ್ಬಳಿಂದ ಹಾಲೂಡಿಸಿದರೆ ದೋಷವಿಲ್ಲವೆನ್ನುತ್ತದೆ. ಆದರೆ ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ದ್ರವ್ಯಕ್ಕೂ ತೂಕವಿದೆ: ಒಬ್ಬಳದೇ ಎದೆಹಾಲುಂಡ ಕೂಸುಗಳ ನಡುವೆ ‘ರದಾಅ’ ಎಂಬ ಹಾಲಿನ ನಂಟು ಹುಟ್ಟಿ ಮದುವೆ ನಿಷಿದ್ಧವಾಗುತ್ತದೆ, ಹಸುವಿನ ಹಾಲಿನ ಪುಡಿಯಿಂದ ಅಂಥ ನಂಟು ಹುಟ್ಟದು.

ಸುರಪುರ ತಾಲೂಕಿನ ಮುದನೂರಿನವನೆನ್ನಲಾದ ವಚನಕಾರ ದೇವರ ದಾಸಿಮಯ್ಯ, ದೇಹದ ಗುರುತುಗಳಿಂದ ಹೆಣ್ಣು ಗಂಡೆಂದು ವಿಂಗಡಿಸುವ ಲೋಕಕ್ಕೆ ಆತ್ಮ ಅವೆರಡೂ ಅಲ್ಲವೆಂದು ತಿಳಿಹೇಳಿದ. ಅವನು ಹಾಲೂಡಿಕೆಯನ್ನು ಕುರಿತು ಹೇಳಿದ ಮಾತಲ್ಲವಾದರೂ, ತಾಯಿಯ ಯೋಗ್ಯತೆಯನ್ನು ಎದೆಹಾಲಿನಿಂದ ಅಳೆಯುವವರಿಗೆ ಆ ವಿಚಾರ ಅನ್ವಯಿಸುತ್ತದೆ. ಹಾಗೆಂದು ತತ್ವವು ದೇಹದ ನಿಯಮವನ್ನು ಅಳಿಸಲಾರದು. ಕೂಸು ಚೀಪಿದಷ್ಟು ಹಾಲು ಇಳಿಯುತ್ತದೆ, ಚೀಪುವುದು ತಗ್ಗಿದರೆ ಹಾಲೂ ತಗ್ಗುತ್ತದೆ. ಆದ್ದರಿಂದಲೇ ಮೊದಲು ಎದೆಗೆ ಹಚ್ಚಿ, ಸಾಲದಿದ್ದರೆ ಮಾತ್ರ ಪುಡಿಹಾಲು ಕೊಡುವ ರೂಢಿ ವಿವೇಕದ್ದು. ವಿಶ್ವ ಆರೋಗ್ಯ ಸಂಸ್ಥೆ ಮೊದಲ 6 ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕೆನ್ನುತ್ತದೆ, ಭಾರತದ 1992ರ ಕಾಯ್ದೆ ಪುಡಿಹಾಲಿನ ಜಾಹೀರಾತನ್ನು ನಿಷೇಧಿಸುತ್ತದೆ; ಆ ಕಾಯ್ದೆ ಹಿಡಿಯಹೊರಟದ್ದು ಮಾರುವವನನ್ನು, ತಾಯಿಯನ್ನಲ್ಲ.

ಪುಡಿಹಾಲು ಕಲಸುವ ನೀರಿನ ಮಾತು ಬಂದಾಗ ಹೊಣೆ ತಾಯಿಯನ್ನೂ ದಾಟುತ್ತದೆ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷಧಾತು ಪತ್ತೆಯಾಗಿತ್ತು; ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಆರ್ಸೆನಿಕ್ ಹೋಗುವುದಿಲ್ಲ. ತಾಯಿಯ ದೇಹ ಅದನ್ನು ಹಾಲಿಗೆ ಬಹಳ ಕಡಿಮೆ ಬಿಡುತ್ತದೆ, ಆದರೆ ಅಂಥ ನೀರಿನಲ್ಲಿ ಕಲಸಿದ ಪುಡಿಹಾಲು ಅದನ್ನು ನೇರವಾಗಿ ಕೂಸಿಗೆ ಮುಟ್ಟಿಸುತ್ತದೆ. ಅವಳ ಧರ್ಮವನ್ನು ವಿಚಾರಿಸುವವರು ಕೊಡಕ್ಕೆ ನೀರು ಬಿಡುವವರ ಧರ್ಮವನ್ನೂ, ಹಾಲೂಡಿಸಲು ಬಿಡುವು ಕೊಡದ ಹೊಲದೊಡೆಯನ ಧರ್ಮವನ್ನೂ ವಿಚಾರಿಸುವುದು ಅಪರೂಪ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವನ್ನು ಕೊಟ್ಟಿತು. ದಿನಗೂಲಿಯ ಹೊಲಗೆಲಸವನ್ನು ಅದು ಮುಟ್ಟಲಿಲ್ಲ.