ಗೋರೋಚನವೂ ಡಬ್ಬಿಯ ಕಲ್ಲೂ

ಡೊಂಬಿವಲಿ, ಕಲ್ಯಾಣದ ನರ್ಸಿಂಗ್ ಹೋಮ್‌ಗಳಲ್ಲಿ ಪಿತ್ತಕೋಶದ ಆಪರೇಷನ್ ಮುಗಿಸಿದ ಸರ್ಜನ್ ಹೊರಗೆ ಬಂದು ಮನೆಯವರಿಗೆ ಕಲ್ಲು ತೋರಿಸುವುದುಂಟು. ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಳದಿ ಕಲ್ಲುಗಳು, ಒಂದಕ್ಕೊಂದು ಒತ್ತಿ ಮೂಲೆ ಮೂಡಿಸಿಕೊಂಡಂಥವು. 1990ರಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ಲ್ಯಾಪರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದರು. ಈಗ ಠಾಣೆಯಿಂದ ನವಿಮುಂಬಯಿಯವರೆಗೆ 'ದುರ್ಬೀನ್ ಆಪರೇಷನ್' ಅಂದರೆ ಯಾರೂ ಗಾಬರಿಯಾಗುವುದಿಲ್ಲ. ಮನೆಯವರು ಆ ಡಬ್ಬಿ ನೋಡಿ ಮುಖ ಸಿಂಡರಿಸುತ್ತಾರೆ, ಅಷ್ಟೇ.

ಇದೇ ಊರುಗಳಿಗೆ ವಲಸೆ ಬಂದ ಕರಾವಳಿ ಕನ್ನಡಿಗರಿಗೆ ಇನ್ನೊಂದು ಕಲ್ಲೂ ಗೊತ್ತು: ಗೋರೋಚನ, ಮನೆಮಾತಿನಲ್ಲಿ ಗೋರೋಜನ. ಯಂತ್ರ ಬರೆಯಲು ಬೇಕು, ತಿಲಕಕ್ಕೆ ಬೇಕು, ಎಳೆಮಗುವಿಗೆ ಕಫವಾದರೆ ತೇಯ್ದು ನೆಕ್ಕಿಸಲೂ ಬೇಕು. ಅದೂ ಪಿತ್ತಕೋಶದ ಕಲ್ಲೇ, ದನದ್ದು.

ಒಂದು ಮೈಲಿಗೆ, ಇನ್ನೊಂದು ಮಡಿ. ಯಾಕೆ?

ಕಲ್ಲಿನ ಗುಣದಿಂದ ಉತ್ತರ ಸಿಗುವುದಿಲ್ಲ. ಮನುಷ್ಯರ ಹಳದಿ ಕಲ್ಲು ಬಹುಪಾಲು ಕೊಲೆಸ್ಟರಾಲ್. ಸಿಕಲ್ ಸೆಲ್, ಥಲಸ್ಸೀಮಿಯಾ ಇದ್ದವರಲ್ಲಿ ರಕ್ತಕಣ ಒಡೆದು ಕಪ್ಪು ಕಲ್ಲಾಗುತ್ತದೆ. ಪಿತ್ತನಾಳಕ್ಕೆ ಸೋಂಕು ತಗುಲಿದರೆ ಕಂದು ಕಲ್ಲು. ಅದರಲ್ಲಿ ಪಿತ್ತದ ಬಣ್ಣವಾದ ಬಿಲಿರುಬಿನ್ನಿನ ಸುಣ್ಣದ ಲವಣ ಹೆಚ್ಚು. ಗೋರೋಚನದಲ್ಲೂ ಮುಖ್ಯವಾಗಿ ಇರುವುದು ಬಿಲಿರುಬಿನ್ನೇ. ಪೂಜೆಗೆ ಸಲ್ಲುವ ಕಲ್ಲಿಗೆ ಹತ್ತಿರದ ನಂಟು ಸೋಂಕಿನ ಕಲ್ಲಿನದು!

ಕಲ್ಲು ಹೊತ್ತ ಚೀಲದ ಕಡೆ ಯಾರೂ ನೋಡುವುದಿಲ್ಲ. ಪೆಥಾಲಜಿಸ್ಟ್ ಮಾತ್ರ ನೋಡುತ್ತಾರೆ. ಫಾರ್ಮಲಿನ್‌ನಿಂದ ತೆಗೆದು ಸೀಳಿದರೆ ಕೆಲವು ಪಿತ್ತಕೋಶಗಳ ಒಳಪದರ ಸ್ಟ್ರಾಬೆರಿಯಂತೆ ಕೆಂಪು, ಮೇಲೆ ಹಳದಿ ಚುಕ್ಕೆ. ಕೊಲೆಸ್ಟರಾಲ್ ನುಂಗಿ ಉಬ್ಬಿದ ಜೀವಕೋಶಗಳವು. ವರ್ಷಗಟ್ಟಲೆ ಕಲ್ಲು ಉಜ್ಜಿದ ಕಡೆ ಒಳಪದರ ಸವೆದಿರುತ್ತದೆ, ಗೋಡೆ ನಾರುಗಟ್ಟಿ ದಪ್ಪವಾಗಿರುತ್ತದೆ, ಸ್ನಾಯುವಿನೊಳಗೆ ಒಳಪದರದ ಗುಳಿಗಳು ಇಳಿದಿರುತ್ತವೆ. ಕೆಲವರಲ್ಲಿ ಅಲ್ಲಿನ ಕೋಶಗಳು ರೂಪ ಬದಲಿಸಿ ಕರುಳಿನ ಕೋಶಗಳಂತಾಗುತ್ತವೆ. ಕಲ್ಲು 3 ಸೆಂ.ಮೀ. ದಾಟಿದರೆ ಕ್ಯಾನ್ಸರ್ ಭಯವೂ ಹೆಚ್ಚು.

ದನಕ್ಕೂ ಕಲ್ಲೆಂದರೆ ಕಾಯಿಲೆಯೇ. ಕಾಯಿಲೆಯಿಂದ ಹುಟ್ಟಿದ್ದು ಪವಿತ್ರವಾಗಬಾರದೇ ಎಂದು ಶಾಸ್ತ್ರ ಬಲ್ಲವರು ಕೇಳಿದರೆ ತಕರಾರಿಲ್ಲ. ಮುತ್ತು ಹುಟ್ಟುವುದೂ ಚಿಪ್ಪಿನ ಜೀವಕ್ಕಾದ ಕಿರಿಕಿರಿಯಿಂದ. ಕಷ್ಟ ಇರುವುದು ಬೇರೆ ಕಡೆ. ಹಸುವಿಗೆ ಯಾರೂ ದುರ್ಬೀನ್ ಆಪರೇಷನ್ ಮಾಡಿ ಗೋರೋಚನ ತೆಗೆಯುವುದಿಲ್ಲ. ಅದು ಸತ್ತ ದನದಿಂದ ಬರಬೇಕು, ಇಲ್ಲವೇ ಕಸಾಯಿಖಾನೆಯಿಂದ. ಮಹಾರಾಷ್ಟ್ರದಲ್ಲಿ ಗೋಹತ್ಯೆಗೆ ಮೊದಲೇ ಇದ್ದ ನಿಷೇಧ 2015ರಲ್ಲಿ ಹೋರಿ, ಎತ್ತುಗಳಿಗೂ ವಿಸ್ತರಿಸಿತು. ಆದರೂ ಗೋವನ್ನು ಪೂಜಿಸುವ ಮನೆ ಗೋವಿನ ಸಾವಿನಿಂದಷ್ಟೇ ಸಿಗುವ ವಸ್ತುವಿಗೆ ಕೈಚಾಚುತ್ತದೆ, ಅದು ಎಲ್ಲಿಂದ ಬಂತೆಂದು ಅಂಗಡಿಯಲ್ಲಿ ವಿಚಾರಿಸುವುದಿಲ್ಲ. ಮಡಿಗೆ ಈ ಮೌನ ಅನುಕೂಲ.

ಚೀನಾದವರಿಗೆ ಮಡಿಯ ಚಿಂತೆಯಿರಲಿಲ್ಲ, ಔಷಧಿಗೆ ಮಾಲು ಸಾಲದು ಎಂಬ ಚಿಂತೆಯಿತ್ತು. ಅವರು ದನದ ಪಿತ್ತರಸದಿಂದ ಪ್ರಯೋಗಾಲಯದಲ್ಲೇ ಕಲ್ಲು ಬೆಳೆಸಿದರು. ಆ ಪಿತ್ತರಸ ಬರುವುದೂ ಕಡಿದ ದನದಿಂದಲೇ.